ಕೀಲೆಣ್ಣೆಯಿಂದ ಎಂಜಿನ್ ಆಯಿಲಿಗೆ

ಹೋದ ತಿಂಗಳು ಒಂದು ಭಾನುವಾರ ನನ್ನ ಸೋದರಮಾವನ ಮೊಮ್ಮಗ ಕಡೂರಿನಿಂದ ಮನೆಗೆ ಬಂದಿದ್ದ. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ಬಳಿಯೇ ವಿಜ್ಞಾನ ಕಲಿತವನು. ನೆಂಟಸ್ತಿಕೆಯನ್ನೂ ಶಾಲೆಯನ್ನೂ ಒಟ್ಟಿಗೆ ಜೋಡಿಸಿ ನನ್ನನ್ನು ‘ಮೇಷ್ಟ್ರು ಮಾವ’ ಎಂದೇ ಕರೆಯುವುದು ಅವನ ರೂಢಿ. ಈಗ ಅವನಿಗೆ ಏಳು ಲಾರಿಗಳಿವೆ. ಕಾಫಿ ಕುಡಿದಾದ ಮೇಲೆ ಜಗಲಿಯಲ್ಲಿ ಕುಳಿತು ಜೇಬಿನಿಂದ ಒಂದು ಚೀಟಿ ತೆಗೆದ. ಅದರಲ್ಲಿ ಏಳು ಗಾಡಿಗಳ ಮಾದರಿ, ವರ್ಷ, ಓಡಿದ ಕಿಲೋಮೀಟರು ಎಲ್ಲವನ್ನೂ ಬರೆದುಕೊಂಡಿದ್ದ. “ಮೇಷ್ಟ್ರು ಮಾವ, ಏಳಕ್ಕೂ ಸೇರಿ ಒಂದೇ ಪೀಪಾಯಿ ಎಂಜಿನ್ ಆಯಿಲ್ ತರೋಣ ಅಂತಿದೀನಿ. ಒಬ್ಬೊಬ್ಬ ಮೆಕ್ಯಾನಿಕ್ಕು ಒಂದೊಂದು ಹೇಳ್ತಾನೆ. ನೀವು ಸೈನ್ಸ್ ಓದಿದವರು, ಯಾವುದು ಸರಿ ಹೇಳಿ” ಎಂದ.

ನಾನು ಉತ್ತರ ಹೇಳಲಿಲ್ಲ. “ಒಂದು ವಾರ ಟೈಮ್ ಕೊಡಪ್ಪ” ಎಂದೆ. ಅವನಿಗೆ ಆಶ್ಚರ್ಯವಾಗಿರಬೇಕು. ತರಗತಿಯಲ್ಲಿ ಯಾವ ಪ್ರಶ್ನೆಗೂ ನಾಳೆ ಹೇಳುತ್ತೇನೆ ಎಂದವನಲ್ಲ ನಾನು. ಆದರೆ ಇದೇ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆ ಇವನ ತಾತ ನನ್ನಲ್ಲಿ ಕೇಳಿದ್ದರು. ಅಂದು ನಾನು ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟಿದ್ದೆ. ಆ ಉತ್ತರದ ಕಥೆ ನಮ್ಮ ನೆಂಟರಲ್ಲಿ ಅನೇಕರಿಗೆ ಗೊತ್ತಿಲ್ಲ. ಅದನ್ನು ಹೇಳುವ ಮೊದಲು ನಮ್ಮ ಸೀಮೆಯ ಗಾಡಿಗಳ ಮತ್ತು ಅವುಗಳಿಗೆ ಹಾಕುತ್ತಿದ್ದ ಎಣ್ಣೆಯ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ಬಿಚ್ಚಬೇಕಾಗಿದೆ.

ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರಿದ್ದಿತು. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಯ ಮಳೆಸೀಮೆ, ಪೂರ್ವಕ್ಕೆ ಕಡೂರು, ಅಜ್ಜಂಪುರಗಳ ಬಯಲು, ನಡುವೆ ತರೀಕೆರೆಯ ಅರೆಮಲೆನಾಡು. ಬೆಟ್ಟದಲ್ಲಿ ಬೆಳೆದದ್ದು ಬಯಲಿಗೆ ಇಳಿಯಬೇಕು, ಬಯಲಿನ ರಾಗಿ, ಕೊಬ್ಬರಿ, ಈರುಳ್ಳಿಗಳು ಬೆಟ್ಟಕ್ಕೆ ಏರಬೇಕು. ಹೀಗಾಗಿ ಸಾಗಣೆಯೆಂಬುದು ಈ ಮೂರು ಊರುಗಳ ಹಣೆಯಲ್ಲೇ ಬರೆದ ಕಸುಬು. ಅಜ್ಜಂಪುರಕ್ಕಂತೂ ಇದರಲ್ಲಿ ರಾಜಮರ್ಯಾದೆಯ ಸ್ಥಾನವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ಆರಂಭವಾದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ ‘ಅಮೃತ ಮಹಲ್’ ಎಂಬ ಹೆಸರನ್ನಿಟ್ಟ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ತಳಿಗಳಿಂದ ಬೆಳೆದು ಬಂದ ಈ ಎತ್ತುಗಳು ಮೈಸೂರಿನ ಸೈನ್ಯದ ಫಿರಂಗಿಗಳನ್ನು ಎಳೆದವು. 1799ರ ನಂತರ ಅದೇ ದನಗಳನ್ನು ಇಂಗ್ಲಿಷರೂ ಮೆಚ್ಚಿ ತಮ್ಮ ದಂಡಯಾತ್ರೆಗಳಿಗೆ ಬಳಸಿಕೊಂಡರು. 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಸರ್ಕಾರವು ಇಲಾಖೆಯನ್ನೇ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳು ಸಿಗದಂತಾಗಿ 1866ರಲ್ಲಿ ಮತ್ತೆ ತೆರೆಯಬೇಕಾಯಿತು. ಉಳಿತಾಯವೆಂದು ಮಾಡಿದ್ದು ನಷ್ಟವಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇರಲಾರದು. ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವನ್ನು ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರವಾಸದ ದಿನ ನೋಡಿರುತ್ತೀರಿ.

ಎತ್ತಿಗೆ ಮೇವು ಹೇಗೋ ಚಕ್ರಕ್ಕೆ ಕೀಲೆಣ್ಣೆ ಹಾಗೆ. ಈ ಪದವನ್ನು ಈಗಿನ ಮಕ್ಕಳು ಕೇಳಿಯೇ ಇರಲಾರರು. ಗಾಡಿಯ ಅಚ್ಚಿನ ತುದಿ ಚಕ್ರದ ಗುಂಬದೊಳಗೆ ಉಜ್ಜುವ ಜಾಗಕ್ಕೆ ಸವರುವ ಎಣ್ಣೆಯೇ ಕೀಲೆಣ್ಣೆ. ನಮ್ಮ ತಾತನ ಮನೆಯಲ್ಲಿ ಅದನ್ನು ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಮೇಲೆ ತೇಲಿದ ಎಣ್ಣೆಯನ್ನು ತೆಗೆಯುವರು. ಹುಲ್ಲನ್ನು ಸುಟ್ಟ ಕರಿಯನ್ನು ನುಣ್ಣಗೆ ಪುಡಿ ಮಾಡಿ ಅದರಲ್ಲಿ ಕಲಸುವರು. ಆ ಕರಿಯ ಮುದ್ದೆ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗಾಡುತ್ತಿದ್ದಿತು. ಸಂತೆಗೆ ಹೊರಡುವ ಹಿಂದಿನ ರಾತ್ರಿ ಕಡಾಣಿ ಕಿತ್ತು, ಚಕ್ರವನ್ನು ಸ್ವಲ್ಪ ಹೊರಕ್ಕೆಳೆದು, ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಎಣ್ಣೆ ಹಚ್ಚುವುದು ತಾತನ ಕೆಲಸ. ಅದನ್ನು ಆಳುಗಳಿಗೆ ಬಿಡುತ್ತಿರಲಿಲ್ಲ. ಕೀಲೆಣ್ಣೆ ಒಣಗಿದ ಗಾಡಿ ಕಿರುಗುಟ್ಟುತ್ತಾ ಬೀದಿಯಲ್ಲಿ ಹೋದರೆ ಗಾಡಿಯ ಯಜಮಾನನ ಮಾನವೇ ಹೋದಂತೆ. ಎಣ್ಣೆಗೆ ಕರಿಯನ್ನು ಏಕೆ ಬೆರೆಸುತ್ತಾರೆ ಎಂದು ಕೇಳಿದರೆ “ನಮ್ಮಪ್ಪ ಬೆರೆಸ್ತಿದ್ದ” ಎಂಬುದಷ್ಟೇ ಉತ್ತರ. ಇಂಗಾಲದ ನುಣುಪಾದ ಪುಡಿ ಎಣ್ಣೆಯನ್ನು ಮಂದವಾಗಿಸಿ ಹರಿದು ಹೋಗದಂತೆ ಹಿಡಿದಿಡುತ್ತದೆ ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ.

ರೈಲು ಬಂದರೆ ಗಾಡಿ ಹೋಗುತ್ತದೆಂದು ಪುಸ್ತಕಗಳು ಬರೆಯುತ್ತವೆ. ನಮ್ಮಲ್ಲಿ ಹಾಗಾಗಲಿಲ್ಲ. 1889ರಲ್ಲಿ ಬೆಂಗಳೂರು–ಹರಿಹರ ಮಾರ್ಗ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ಹಾದುಹೋಯಿತು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಬಿದ್ದಿತು. ಆದರೆ ಜಿಲ್ಲೆಯ ಮುಖ್ಯಪಟ್ಟಣವಾದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರ ನವೆಂಬರಿನಲ್ಲಿ! ಅಲ್ಲಿಯವರೆಗೆ, ಅಂದರೆ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ, ಚಿಕ್ಕಮಗಳೂರಿನ ಸರಕು ರೈಲು ಹತ್ತಬೇಕಾದರೆ ಮೊದಲು ಚಕ್ರದ ಮೇಲೆ ಕಡೂರಿಗೆ ಬರಬೇಕಾಗಿದ್ದಿತು. ಮೊದಲು ಗಾಡಿಯ ಚಕ್ರ, ಆಮೇಲೆ ಲಾರಿಯ ಚಕ್ರ. ಇತ್ತ ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರು ತಂತಿಮಾರ್ಗದಲ್ಲಿ ತಣಿಗೆಬೈಲಿಗೆ ಇಳಿದು ಅಲ್ಲಿಂದ ಟ್ರಾಮಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದಿತು. ತರೀಕೆರೆಯ ಸುತ್ತಿನ ಕಾಡಿನ ಮರ ಇದ್ದಲಾಗಿ ಅದೇ ಕುಲುಮೆಯ ಹೊಟ್ಟೆ ಸೇರಿತು. ನಮ್ಮ ಸೋದರಮಾವನ ತಂದೆ ಆ ಕಾಲದಲ್ಲಿ ನಾಲ್ಕು ಜೊತೆ ಎತ್ತು ಕಟ್ಟಿ ಬಾಡಿಗೆ ಗಾಡಿ ಹೊಡೆದವರು. ಅಂದರೆ ಕಡೂರಿನ ಈ ಹುಡುಗನ ಏಳು ಲಾರಿಗಳ ವ್ಯವಹಾರ ಇಂದು ನಿನ್ನೆಯದಲ್ಲ, ನಾಲ್ಕು ತಲೆಮಾರಿನದು.

ಮೋಟಾರು ಬಂದಾಗ ಅದರೊಡನೆ ಬಂದ ಎಣ್ಣೆ ಕಲ್ಲೆಣ್ಣೆ, ಅಂದರೆ ನೆಲದಿಂದ ತೆಗೆದ ಕಚ್ಚಾ ತೈಲದಿಂದ ಬೇರ್ಪಡಿಸಿದ್ದು. ಆದರೆ ಒಂದು ಸೋಜಿಗ ನೋಡಿ. ಯಂತ್ರಗಳ ಯುಗವೂ ನಮ್ಮ ಹರಳೆಣ್ಣೆಯನ್ನು ಬಿಡಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ 1899ರಲ್ಲಿ ಆರಂಭಿಸಿದ ಕಂಪನಿಯು 1909ರಲ್ಲಿ ಹರಳೆಣ್ಣೆ ಬೆರೆಸಿದ ಎಂಜಿನ್ ತೈಲವನ್ನು ಮಾರುಕಟ್ಟೆಗೆ ತಂದು ಅದಕ್ಕೆ ‘ಕ್ಯಾಸ್ಟ್ರಾಲ್’ ಎಂದು ಹೆಸರಿಟ್ಟಿತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಎನ್ನುತ್ತಾರಲ್ಲವೆ, ಅದರಿಂದ ಹುಟ್ಟಿದ ಹೆಸರು. ಮೊದಲನೆಯ ಮಹಾಯುದ್ಧದ ವಿಮಾನಗಳ ಗಿರಗಿರನೆ ತಿರುಗುವ ಎಂಜಿನುಗಳಿಗೆ ಹರಳೆಣ್ಣೆಯೇ ಬೇಕಾಗಿತ್ತು, ಏಕೆಂದರೆ ಅದು ಪೆಟ್ರೋಲಿನಲ್ಲಿ ಕರಗಿಹೋಗುವುದಿಲ್ಲ. ಎಂಜಿನ್ನಿನಿಂದ ಸಿಡಿದ ಎಣ್ಣೆಯ ತುಂತುರು ಮೂಗು ಬಾಯಿಗೆ ಹೋಗಿ ವಿಮಾನಿಗಳ ಹೊಟ್ಟೆ ಕೆಡುತ್ತಿತ್ತಂತೆ. ಬೇಸಿಗೆ ರಜೆಯಲ್ಲಿ ಅಜ್ಜಿ ಮೂಗು ಹಿಡಿದು ಹರಳೆಣ್ಣೆ ಕುಡಿಸಿದ ನೆನಪಿರುವ ನಮ್ಮ ವಯಸ್ಸಿನವರಿಗೆ ಅವರ ಪಾಡನ್ನು ವಿವರಿಸಬೇಕಾಗಿಲ್ಲ. ಲೋಹಕ್ಕೆ ಅಂಟಿಕೊಳ್ಳುವ ಗುಣ ಹರಳೆಣ್ಣೆಯಲ್ಲಿ ಬಹಳ, ಆದರೆ ಕಾವಿನಲ್ಲಿ ಬಹುಕಾಲ ಇದ್ದರೆ ಅಂಟಾಗಿ ಗಟ್ಟಿಯಾಗುತ್ತದೆ. ಆದುದರಿಂದ ಎಂಜಿನ್ನಿನೊಳಗಿನ ಕೆಲಸ ಕ್ರಮೇಣ ಕಲ್ಲೆಣ್ಣೆಯ ಪಾಲಾಯಿತು. ಹಾಗೆಂದು ಹರಳು ಲಾರಿಯನ್ನು ಬಿಟ್ಟು ಇಳಿಯಲಿಲ್ಲ. ಇಂದಿಗೂ ಚಕ್ರದ ಬೇರಿಂಗಿಗೆ ತುಂಬುವ ಲೀಥಿಯಂ ಗ್ರೀಸು ಸಾಮಾನ್ಯವಾಗಿ ಹರಳೆಣ್ಣೆಯಿಂದ ಪಡೆದ ಆಮ್ಲದಿಂದಲೇ ತಯಾರಾಗುತ್ತದೆ. ಗಾಡಿಯ ಗುಂಬದಲ್ಲಿ ಇದ್ದದ್ದು ಲಾರಿಯ ಹಬ್ಬಿನಲ್ಲಿ ಬೇರೆ ವೇಷದಲ್ಲಿ ಕುಳಿತಿದೆ.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ಬೆನ್ನಿಗೆ ಒಲೆಯಂತಹ ಡ್ರಮ್ಮು ಕಟ್ಟಿಕೊಂಡು ಇದ್ದಲಿನ ಅನಿಲದಿಂದ ಓಡುವ ಬಸ್ಸುಗಳು ಬಂದವು. ನಾನು ಹುಟ್ಟುವ ಮೊದಲಿನ ಮಾತು. ಏರು ಸಿಕ್ಕಲ್ಲಿ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು. ಡೀಸೆಲ್ ಲಾರಿಯ ನಿಜವಾದ ಕಾಲ ಬಂದದ್ದು 1954ರಲ್ಲಿ, ಜಮ್‌ಶೆಡ್‌ಪುರದ ಟೆಲ್ಕೊ ಕಾರ್ಖಾನೆ ಜರ್ಮನಿಯ ಡೈಮ್ಲರ್–ಬೆಂಜ್ ಕಂಪನಿಯ ಸಹಯೋಗದಲ್ಲಿ ಲಾರಿಗಳನ್ನು ತಯಾರಿಸಲು ತೊಡಗಿದಾಗ. ಮದರಾಸಿನ ಅಶೋಕ್ ಲೇಲ್ಯಾಂಡ್ ಕೂಡ ಅದೇ ದಶಕದ್ದು. ಟೆಲ್ಕೊದ ಜರ್ಮನ್ ಸಹಯೋಗ 1969ಕ್ಕೆ ಮುಗಿದರೂ ನಮ್ಮ ಕಡೆ ಎಷ್ಟೋ ವರ್ಷ ಟಾಟಾ ಲಾರಿಗೆ ‘ಬೆಂಜ್ ಗಾಡಿ’ ಎಂಬ ಹೆಸರೇ ಉಳಿದಿತ್ತು.

ಇಲ್ಲಿ ಸ್ವಲ್ಪ ಪಾಠ ಮಾಡದೆ ವಿಧಿಯಿಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚಬೇಕು. ಡೀಸೆಲಿನಲ್ಲಿ ಗಾಳಿಯನ್ನೇ ಬಲವಾಗಿ ಒತ್ತಿ, ಕೆಂಡದಂತೆ ಕಾಯಿಸಿ, ಅದರೊಳಕ್ಕೆ ತೈಲವನ್ನು ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹೀಗೆ ಉರಿಯುವಾಗ ಮಸಿ ಹೆಚ್ಚು. ಆ ಮಸಿಯಲ್ಲಿ ಒಂದು ಪಾಲು ಹೊಗೆಯಾಗಿ ಹೊರಗೆ ಹೋದರೆ ಇನ್ನೊಂದು ಪಾಲು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿನ ಎಣ್ಣೆಗೆ ಇಳಿಯುತ್ತದೆ. ಬರಿಯ ಕಲ್ಲೆಣ್ಣೆಗೆ ಈ ಮಸಿಯನ್ನು ಹೊತ್ತುಕೊಳ್ಳುವ ಶಕ್ತಿಯಿಲ್ಲ. ಅದು ರಿಂಗಿನ ಗಾಡಿಗಳಲ್ಲಿ, ಅಂದರೆ ಪಿಸ್ಟನ್ನಿನ ಮೇಲೆ ರಿಂಗು ಕೂರುವ ಕೊರೆಗಳಲ್ಲಿ, ಅರಗಿನಂತೆ ಕಚ್ಚಿಕೊಂಡು ರಿಂಗು ಅಲುಗದಂತೆ ಹಿಡಿದುಬಿಡುತ್ತದೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಟ್ರಾಕ್ಟರುಗಳು ಹೀಗೆಯೇ ಸಾಲುಸಾಲಾಗಿ ನಿಂತುಹೋದವು. ಅದಕ್ಕೆ ಮದ್ದಾಗಿ ತೈಲ ಕಂಪನಿಗಳು ಎಣ್ಣೆಗೆ ಮಾರ್ಜಕವನ್ನು, ಎಂದರೆ ಕೊಳೆ ತೊಳೆಯುವ ವಸ್ತುವನ್ನು ಬೆರೆಸಲು ಆರಂಭಿಸಿದವು. ಈ ಎಣ್ಣೆ ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿರುತ್ತದೆ. ಬಸಿದು ತೆಗೆದಾಗ ಕೊಳೆಯೂ ಅದರೊಡನೆ ಹೊರಬರುತ್ತದೆ. ಸೀಗೆಪುಡಿಯಲ್ಲಿ ತಲೆ ತೊಳೆದ ನೀರು ಕಪ್ಪಾಗುವುದಿಲ್ಲವೇ, ಹಾಗೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸೋದರಮಾವನವರು 1968ರಲ್ಲಿ ತರೀಕೆರೆಯಲ್ಲಿ ಒಂದು ಹಳೆಯ ಬೆಂಜ್ ಲಾರಿ ಕೊಂಡರು. ಎತ್ತಿನ ಮನೆತನಕ್ಕೆ ಅದು ಮೊದಲ ಎಂಜಿನ್ನು. ಅಜ್ಜಂಪುರದ ಈರುಳ್ಳಿ, ಕಡೂರಿನ ತೆಂಗಿನಕಾಯಿ ಹೊತ್ತು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಿ, ವಾಪಸು ಬರುವಾಗ ಮಂಗಳೂರು ಹೆಂಚು ಹೇರಿಕೊಂಡು ಬರುತ್ತಿದ್ದರು. ಇಳಿಯುವಾಗ ಹಗುರ, ಏರುವಾಗ ಭಾರ. ಎಂಜಿನ್ನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಮಾವನವರಿಗೆ ಓದು ಕಡಮೆ, ಆದರೆ ತಮ್ಮ ತಂದೆ ಕೀಲೆಣ್ಣೆ ಹಚ್ಚುತ್ತಿದ್ದ ನಿಷ್ಠೆಯಲ್ಲೇ ಲಾರಿಗೆ ಆಯಿಲ್ ನೋಡುತ್ತಿದ್ದರು. ಪ್ರತಿ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು, ಒರಸಿ, ಮತ್ತೆ ಅದ್ದಿ ನೋಡದೆ ಗಾಡಿ ಹೊರಡಿಸುತ್ತಿರಲಿಲ್ಲ.

1973ರ ಅಕ್ಟೋಬರಿನಲ್ಲಿ ಅರಬ್–ಇಸ್ರೇಲ್ ಯುದ್ಧ ಆಗಿ ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಎಲ್ಲೋ ಮರಳುಗಾಡಿನಲ್ಲಿ ನಡೆದ ಯುದ್ಧ ತರೀಕೆರೆಯ ಲಾರಿ ಸ್ಟ್ಯಾಂಡಿಗೆ ಬಂದು ಮುಟ್ಟಿತು. ಆಗ ಮಾವನವರ ಗ್ಯಾರೇಜಿನ ಮೇಸ್ತ್ರಿಯೊಬ್ಬರು, ಬೆಲೆ ಹೆಚ್ಚಾದರೂ ಚಿಂತೆಯಿಲ್ಲ, ಮಾರ್ಜಕ ಬೆರೆಸಿದ ‘ಹೆವಿ ಡ್ಯೂಟಿ’ ಆಯಿಲನ್ನೇ ಹಾಕಿ ಎಂದು ಹೇಳಿ ಒಂದು ಸಲ ಹಾಕಿಸಿದರು. ಮೂರೇ ದಿನದಲ್ಲಿ ಅದು ಕಾಡಿಗೆಯಂತೆ ಕಪ್ಪಾಯಿತು. ಅದುವರೆಗೆ ಹಾಕುತ್ತಿದ್ದ ಅಗ್ಗದ ಸಾದಾ ಆಯಿಲ್ ಎಷ್ಟೋ ದಿನ ಜೇನಿನ ಬಣ್ಣದಲ್ಲೇ ಇರುತ್ತಿದ್ದಿತು. ಮಾವನವರಿಗೆ ಮೋಸ ಹೋದೆನೆಂಬ ಗುಮಾನಿ. ಒಂದು ಸಂಜೆ ಎರಡು ಗಾಜಿನ ಶೀಶೆಗಳಲ್ಲಿ ಎರಡೂ ಆಯಿಲ್ ಹಿಡಿದುಕೊಂಡು ನನ್ನ ಬಾಡಿಗೆ ಮನೆಗೆ ಬಂದರು. “ಏನಪ್ಪಾ ಮೇಷ್ಟ್ರೇ, ನೀನು ಬಿ.ಎಸ್ಸಿ. ಮಾಡಿದೋನು. ಇದರಲ್ಲಿ ಯಾವುದು ಒಳ್ಳೇದು ಹೇಳು” ಎಂದರು.

ನನಗಾಗ ಇಪ್ಪತ್ತೆಂಟು ವರ್ಷ. ಊರಿನಲ್ಲಿ ವಿಜ್ಞಾನ ಓದಿದವನು ನಾನೊಬ್ಬನೇ ಎಂಬ ಹಮ್ಮು. ಶೀಶೆಗಳನ್ನು ದೀಪದ ಬೆಳಕಿಗೆ ಹಿಡಿದು “ಇದರಲ್ಲಿ ಕೇಳೋದೇನಿದೆ ಮಾವ? ಕಪ್ಪಾದದ್ದು ಕೆಟ್ಟಿದೆ. ತಿಳಿಯಾಗಿರೋದು ಚೆನ್ನಾಗಿದೆ” ಎಂದೆ. ಮಾವನವರು ನೆಮ್ಮದಿಯಿಂದ ತಲೆಯಾಡಿಸಿ ಹೊರಟುಹೋದರು. ಮೇಸ್ತ್ರಿಯ ಮಾತನ್ನು ತಳ್ಳಿಹಾಕಿ ಸಾದಾ ಆಯಿಲಿಗೇ ಮರಳಿದರು. ಬಟ್ಟೆ ಒಗೆದ ನೀರು ತಿಳಿಯಾಗಿಯೇ ಉಳಿದರೆ ಕೊಳೆ ಬಟ್ಟೆಯಲ್ಲೇ ಇದೆಯೆಂದು ಅರ್ಥ ಎಂಬಷ್ಟು ಸಾಮಾನ್ಯ ಜ್ಞಾನ ನನ್ನ ಬಿ.ಎಸ್ಸಿ.ಗೆ ಹೊಳೆಯಲಿಲ್ಲ.

1974ರ ಮೇ ತಿಂಗಳು ಹೆಂಚಿನ ಲೋಡಿನೊಡನೆ ಚಾರ್ಮಾಡಿ ಏರುವಾಗ ಆರನೆಯದೋ ಏಳನೆಯದೋ ತಿರುವಿನಲ್ಲಿ ಎಂಜಿನ್ ಸೀಜ್ ಆಯಿತು. ಬಿಚ್ಚಿ ನೋಡಿದಾಗ ರಿಂಗುಗಳು ಮಸಿಯಲ್ಲಿ ಹೂತು ಪಿಸ್ಟನ್ನಿನ ಜೊತೆ ಒಂದೇ ಆಗಿದ್ದವು, ಲೈನರುಗಳಲ್ಲಿ ಉದ್ದುದ್ದ ಗೀರುಗಳು, ಬೇರಿಂಗು ಕರಗಿ ಕ್ರ್ಯಾಂಕ್ ಶಾಫ್ಟಿಗೆ ಹತ್ತಿಕೊಂಡಿತ್ತು. ಎರಡು ದಿನ ಘಟ್ಟದಲ್ಲೇ ಕುಳಿತು ಹೆಂಚನ್ನು ಬೇರೆ ಲಾರಿಗೆ ಎತ್ತಿಸುವಾಗ ಒಡೆದದ್ದು ಬೇರೆ ನಷ್ಟ. ಸಾಲ ಇನ್ನೂ ತೀರಿರಲಿಲ್ಲ. ಲಾರಿಯನ್ನು ಗುಜರಿ ಬೆಲೆಗೆ ಮಾರಿದ್ದಾಯಿತು, ಲಿಂಗದಹಳ್ಳಿ ದಾರಿಯ ಎರಡು ಎಕರೆ ಜಮೀನೂ ಹೋಯಿತು. ಶಿವಮೊಗ್ಗದಲ್ಲಿ ಪಿ.ಯು.ಸಿ. ಓದುತ್ತಿದ್ದ ಅವರ ಮಗ ಕಾಲೇಜು ಬಿಟ್ಟು ಬೇರೊಬ್ಬರ ಲಾರಿಗೆ ಕ್ಲೀನರಾಗಿ ಸೇರಿದ. ಲೆಕ್ಕದಲ್ಲಿ ಬಹಳ ಜಾಣ ಹುಡುಗ. ನಾನೇ ಪಾಠ ಹೇಳಿಕೊಟ್ಟಿದ್ದೆ.

ಮಾವನವರು ಸಾಯುವವರೆಗೂ ಆ ಎರಡು ಶೀಶೆಗಳ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎಂಜಿನ್ ಹಳತಾಗಿತ್ತು ಎಂದಷ್ಟೇ ಹೇಳುತ್ತಿದ್ದರು. ಹಳತಾಗಿದ್ದುದೂ ನಿಜವೇ. ಆದರೆ ಮೇಸ್ತ್ರಿ ಹೇಳಿದ್ದೇ ಸರಿ ಎಂಬುದನ್ನು ಮೂರು ನಾಲ್ಕು ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಓದಿ ತಿಳಿದಾಗ ನಾನೂ ಅವರೆದುರು ಬಾಯಿ ಬಿಡಲಿಲ್ಲ. ಇದುವರೆಗೆ ಬಿಟ್ಟಿರಲಿಲ್ಲ.

ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುವುದು ಒಂದು ಚಟವಾಯಿತು. ಡಬ್ಬಿಯ ಮೇಲಿನ ಅಂಕೆ ಅಕ್ಷರಗಳಿಗೂ ಒಂದು ಚರಿತ್ರೆಯಿದೆ. ಎಸ್‌.ಎ.ಇ. ಎಂಬುದು 1905ರಲ್ಲಿ ಹುಟ್ಟಿದ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ. ಎಣ್ಣೆ ಎಷ್ಟು ಮಂದ ಎಂಬುದಕ್ಕೆ 1911ರಲ್ಲಿ ಅದು ಅಂಕೆಗಳನ್ನು ಗೊತ್ತುಮಾಡಿತು. ಮಾವನವರ ಕಾಲದಲ್ಲಿ ನಮ್ಮಲ್ಲಿ ಇದ್ದದ್ದು ಬರಿಯ 30, 40ರ ಎಣ್ಣೆಗಳು. ಮಾಗಿಯ ಬೆಳಗಿನಲ್ಲಿ ಅದು ಕೊಬ್ಬರಿ ಎಣ್ಣೆಯಂತೆ ದಪ್ಪಗಾಗಿ ಎಂಜಿನ್ ತಿರುಗುತ್ತಿರಲಿಲ್ಲ. ಡ್ರೈವರುಗಳು ಸಂಪಿನ ಕೆಳಗೆ ಚಿಂದಿ ಬಟ್ಟೆ ಉರಿಸುತ್ತಿದ್ದುದನ್ನು, ಅದೆಂಥ ಅಪಾಯದ ಕೆಲಸವಾದರೂ, ಕಂಡಿದ್ದೇನೆ. ಆಮೇಲೆ ಬಂದ 15ಡಬ್ಲ್ಯು-40 ಎಂಬಂಥವು ಚಳಿಯಲ್ಲಿ ತೆಳುವಾಗಿ ಹರಿದು, ಕಾವೇರಿದಾಗ 40ರ ಮಂದವನ್ನು ಉಳಿಸಿಕೊಳ್ಳುತ್ತವೆ. ‘ಡಬ್ಲ್ಯು’ ಎಂದರೆ ಇಂಗ್ಲಿಷಿನ ಚಳಿಗಾಲದ ಮೊದಲಕ್ಷರ, ತೂಕವಲ್ಲ. ಇದನ್ನು ಗ್ಯಾರೇಜುಗಳಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ.

ಮಂದ ಒಂದು ಸಂಗತಿಯಾದರೆ ಗುಣ ಇನ್ನೊಂದು. ಗುಣದ ದರ್ಜೆಯನ್ನು ಹೇಳುವುದು ಎ.ಪಿ.ಐ. ಅಕ್ಷರಗಳು. ‘ಎಸ್’ನಿಂದ ಆರಂಭವಾದರೆ ಪೆಟ್ರೋಲಿಗೆ, ‘ಸಿ’ಯಿಂದಾದರೆ ಡೀಸೆಲಿಗೆ. 1990ರಲ್ಲಿ ಸಿಎಫ್-4, 1998ರಲ್ಲಿ ಸಿಎಚ್-4, 2002ರಲ್ಲಿ ಸಿಐ-4, 2006ರಲ್ಲಿ ಸಿಜೆ-4, 2016ರ ಕೊನೆಯಲ್ಲಿ ಸಿಕೆ-4. ಶಾಲೆಯಲ್ಲಿ ತರಗತಿ ಏರಿದಂತೆ ಅಕ್ಷರ ಏರುತ್ತದೆ ಎಂದು ತಿಳಿಯಿರಿ. ಇತ್ತ ನಮ್ಮ ದೇಶದಲ್ಲಿ 1972ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಫರಿದಾಬಾದಿನಲ್ಲಿ ಸಂಶೋಧನಾ ಕೇಂದ್ರ ತೆರೆದು ‘ಸರ್ವೋ’ ತೈಲವನ್ನು ತಂದಿತು. 1974ರಿಂದ 1978ರೊಳಗೆ ಎಸ್ಸೊ, ಬರ್ಮಾ ಷೆಲ್, ಕ್ಯಾಲ್ಟೆಕ್ಸ್‌ಗಳೆಲ್ಲ ರಾಷ್ಟ್ರೀಕರಣಗೊಂಡು ಹಿಂದೂಸ್ತಾನ್, ಭಾರತ್ ಪೆಟ್ರೋಲಿಯಂಗಳಲ್ಲಿ ಸೇರಿಹೋದವು. 1990ರ ದಶಕದಲ್ಲಿ ಬಾಗಿಲು ತೆರೆದು ಹತ್ತಾರು ಕಂಪನಿಗಳ ಡಬ್ಬಿಗಳು ಬಿ.ಎಚ್. ರಸ್ತೆಯ ಅಂಗಡಿಗಳಲ್ಲಿ ಸಾಲಾಗಿ ನಿಂತವು. ಕಳ್ಳರೂ ಹಿಂದೆ ಬೀಳಲಿಲ್ಲ. ಬಸಿದು ತೆಗೆದ ವೇಸ್ಟ್ ಆಯಿಲನ್ನು ಸೋಸಿ, ಖಾಲಿ ಡಬ್ಬಿಗೆ ತುಂಬಿ ಮಾರುವವರು ಹುಟ್ಟಿಕೊಂಡರು. ಆದಕಾರಣ ಖಾಲಿ ಡಬ್ಬಿಯನ್ನು ತೂತು ಮಾಡದೆ ಗುಜರಿಗೆ ಹಾಕಬಾರದು. ವೇಸ್ಟ್ ಆಯಿಲನ್ನು ಗೆದ್ದಲು ಹಿಡಿಯದಿರಲೆಂದು ಬೇಲಿ ಗೂಟಕ್ಕೆ ಬಳಿಯುವುದೂ ನೆಲಕ್ಕೆ ನೀರಿಗೆ ಒಳ್ಳೆಯದಲ್ಲ.

ಇನ್ನು ಗಂಧಕದ ಮಾತು. ಇಡೀ ವಿಷಯದ ಗುಟ್ಟು ಇರುವುದು ಇಲ್ಲಿಯೇ. ಹಿಂದಿನ ನಮ್ಮ ಡೀಸೆಲಿನಲ್ಲಿ ಗಂಧಕ ಹೇರಳವಾಗಿದ್ದಿತು, ಹತ್ತು ಲಕ್ಷ ಭಾಗಕ್ಕೆ ಸಾವಿರಗಳ ಲೆಕ್ಕದಲ್ಲಿ. ಅದು ಉರಿದು ನೀರಾವಿಯೊಡನೆ ಕೂಡಿದರೆ ಗಂಧಕಾಮ್ಲ, ಅದು ಲೋಹವನ್ನು ತಿನ್ನುತ್ತದೆ. ಆ ಆಮ್ಲವನ್ನು ಕೊಲ್ಲಲು ಎಣ್ಣೆಗೆ ಕ್ಯಾಲ್ಸಿಯಂ ಮೊದಲಾದ ಕ್ಷಾರಗಳನ್ನು ಬೆರೆಸುತ್ತಿದ್ದರು. ಅಡಿಕೆ ಎಲೆಗೆ ಸುಣ್ಣ ಇದ್ದ ಹಾಗೆ ಎಂದರೆ ನಮ್ಮ ತರೀಕೆರೆಯವರಿಗೆ ಬೇಗ ತಿಳಿದೀತು. ಸುಣ್ಣ ಹೆಚ್ಚಿದ್ದಷ್ಟೂ ಆಯಿಲ್ ಒಳ್ಳೆಯದು ಎಂಬ ಕಾಲ ಅದು. ಆಮೇಲೆ ಡೀಸೆಲನ್ನೇ ಶುದ್ಧಿ ಮಾಡತೊಡಗಿದರು. ಬಿಎಸ್-3ರಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಭಾಗ, 2017ರ ಏಪ್ರಿಲಿನಿಂದ ದೇಶದಾದ್ಯಂತ ಬಂದ ಬಿಎಸ್-4ರಲ್ಲಿ 50, 2020ರ ಏಪ್ರಿಲ್ 1ರಿಂದ ಬಿಎಸ್-6ರಲ್ಲಿ ಬರಿಯ 10. ಹೊಸ ಲಾರಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯೂ ಬಂದಿತು. ಜಾಲರಿಯಲ್ಲಿ ಸಿಕ್ಕ ಮಸಿಯನ್ನು ಗಾಡಿಯೇ ಸುಟ್ಟು ಚೊಕ್ಕಟ ಮಾಡಿಕೊಳ್ಳುತ್ತದೆ. ಆದರೆ ಎಣ್ಣೆಯ ಸುಣ್ಣ ಸುಟ್ಟು ಉಳಿಯುವ ಬೂದಿ ಮತ್ತೆ ಸುಡುವುದಿಲ್ಲ, ಜಾಲರಿಯ ಕಣ್ಣುಗಳನ್ನು ಮುಚ್ಚುತ್ತಾ ಹೋಗುತ್ತದೆ. ಅಂದು ಗುಣವಾಗಿದ್ದದ್ದೇ ಇಂದು ದೋಷ! ಆದ್ದರಿಂದ ಬಿಎಸ್-6 ಗಾಡಿಗಳಿಗೆ ಬೂದಿ ಕಡಮೆಯಿರುವ ಸಿಕೆ-4ರಂತಹ ಎಣ್ಣೆಗಳೇ ಆಗಬೇಕು. ಹಳೆಯ ಸಿಐ-4 ಹಾಕಿದರೆ ಎಂಜಿನ್ ಓಡುತ್ತದೆ, ಆದರೆ ಜಾಲರಿ ಬೇಗ ಕಟ್ಟಿಕೊಂಡು ಲಕ್ಷಗಳ ಲೆಕ್ಕ ಬರುತ್ತದೆ.

ವಾರ ಕಳೆದು ನಾನೇ ಬಸ್ಸು ಹತ್ತಿ ಕಡೂರಿಗೆ ಹೋದೆ. ಶೆಡ್ಡಿನಲ್ಲಿ ಹುಡುಗನ ಏಳು ಗಾಡಿಗಳ ಕೈಪಿಡಿಗಳನ್ನೂ ತರಿಸಿ ಒಂದೊಂದಾಗಿ ಓದಿದೆವು. ಮೂರು ಬಿಎಸ್-3, ಎರಡು ಬಿಎಸ್-4, ಎರಡು ಬಿಎಸ್-6. ಅದೃಷ್ಟಕ್ಕೆ ಏಳಕ್ಕೂ 15ಡಬ್ಲ್ಯು-40 ನಡೆಯುತ್ತದೆ. ಕೆಲವು ಹೊಸ ಎಂಜಿನುಗಳಿಗೆ ಇದಕ್ಕಿಂತ ತೆಳುವಾದದ್ದೇ ಬೇಕೆಂದು ಬರೆದಿರುತ್ತದೆ, ಅಂಥದ್ದು ಇವನಲ್ಲಿ ಇರಲಿಲ್ಲ. ನನ್ನ ಸಲಹೆ ಎರಡು ಪೀಪಾಯಿ ತರಿಸುವುದು. ಹಳೆಯ ಐದಕ್ಕೆ ಅಗ್ಗದ ಸಿಐ-4, ಹೊಸ ಎರಡಕ್ಕೆ ಮಾತ್ರ ದುಬಾರಿಯ ಸಿಕೆ-4. ಅದರಲ್ಲೂ ಹಳೆಯ ಮೂರು ಎಣ್ಣೆ ಕುಡಿಯುವ ಗಾಡಿಗಳು, ಅವಕ್ಕೆ ದುಬಾರಿ ಎಣ್ಣೆ ಸುರಿದು ಸುಡುವುದೇಕೆ? ಕಾಗದದ ಮೇಲೆ ಉಳಿತಾಯದ ಲೆಕ್ಕವನ್ನೂ ಹಾಕಿ ತೋರಿಸಿದೆ.

ಹುಡುಗ ಲೆಕ್ಕವನ್ನು ನೋಡಿ ನಕ್ಕ. “ಮೇಷ್ಟ್ರು ಮಾವ, ರಾತ್ರಿ ಎರಡು ಗಂಟೆಗೆ ಗಾಡಿ ಬರುತ್ತೆ. ಕ್ಲೀನರ್ ಹುಡುಗ ನಿದ್ದೆಗಣ್ಣಲ್ಲಿ ಕ್ಯಾನು ಹಿಡಿದು ಹೋದರೆ ಯಾವ ಪೀಪಾಯಿ ಅಂತ ನೋಡ್ತಾನಾ? ಒಂದು ಸಲ ತಪ್ಪಿದರೆ ನಿಮ್ಮ ಉಳಿತಾಯ ಎಲ್ಲ ಹೋಯ್ತಲ್ಲ. ಸಿಕೆ-4 ಹಳೇದಕ್ಕೂ ಹಾಕಬಹುದು ಅಂತ ನೀವೇ ಹೇಳಿದಿರಿ” ಎಂದ. ಹೌದು, ನಾನೇ ಹೇಳಿದ್ದೆ. ಈಗ ಬಂಕಿನಲ್ಲಿ ಸಿಗುವುದು ಹಳೆಯ ಗಾಡಿಗೂ ಹೊಸ ಗಾಡಿಗೂ ಒಂದೇ ಶುದ್ಧ ಡೀಸೆಲ್ ಆದ್ದರಿಂದ ಸುಣ್ಣ ಕಡಮೆಯಾಯಿತೆಂಬ ಭಯವೂ ಇಲ್ಲ. ಮೇಲಿನ ದರ್ಜೆಯದು ಕೆಳಗಿನದರ ಕೆಲಸ ಮಾಡುತ್ತದೆ, ಕೆಳಗಿನದು ಮೇಲಿನದರ ಕೆಲಸ ಮಾಡದು. 1860ರಲ್ಲಿ ಖರ್ಚು ಉಳಿಸಲು ಹೋದ ಅಮೃತ ಮಹಲಿನ ಅಧಿಕಾರಿಗಳ ಪಕ್ಕದಲ್ಲಿ ನಾನೂ ಕುಳಿತಿದ್ದೆನೆನಿಸಿತು. 210 ಲೀಟರಿನ ಒಂದೇ ಪೀಪಾಯಿ, ಸಿಕೆ-4, ಎಂದು ನಿಶ್ಚಯವಾಯಿತು.

ಇಷ್ಟು ಹೊತ್ತೂ ಅವನ ತಂದೆ, ಅಂದರೆ ಕಾಲೇಜು ಬಿಟ್ಟ ನನ್ನ ಭಾವಮೈದ, ಶೆಡ್ಡಿನ ಮೂಲೆಯಲ್ಲಿ ಕುಳಿತು ಸುಮ್ಮನೆ ಕೇಳುತ್ತಿದ್ದ. ಈಗ ಅವನಿಗೂ ಎಪ್ಪತ್ತರ ಹತ್ತಿರ. ಕ್ಲೀನರಾಗಿ, ಡ್ರೈವರಾಗಿ, ಮೂವತ್ತು ವರ್ಷ ದುಡಿದು ಮೊದಲ ಸ್ವಂತ ಲಾರಿ ಕೊಂಡವನು. ನಾನು ಅವನ ಪಕ್ಕದಲ್ಲಿ ಕುಳಿತು 1974ರ ಎರಡು ಶೀಶೆಗಳ ವಿಷಯವನ್ನು ಮೊದಲ ಬಾರಿಗೆ ಹೇಳಿದೆ. ಅವನು ಮಾತಾಡಲಿಲ್ಲ. ಎದ್ದು ಹೋಗಿ, ಹಿಂದಿನ ದಿನವಷ್ಟೇ ಆಯಿಲ್ ಬದಲಾಯಿಸಿದ್ದ ಲಾರಿಯ ಡಿಪ್‌ಸ್ಟಿಕ್ ಎಳೆದು ತಂದು ಬೆರಳಿಗೆ ಹಚ್ಚಿಕೊಂಡು ನನ್ನ ಮುಂದೆ ಹಿಡಿದ. ಆಗಲೇ ಕಾಡಿಗೆಯಾಗಿತ್ತು.

“ಅಪ್ಪ ಆಗಲೇ ಹೇಳಿದ್ದ ಭಾವ” ಎಂದ. “ಘಟ್ಟದಲ್ಲಿ ಎರಡು ದಿನ ಕೂತಿದ್ವಲ್ಲ, ಆಗ. ಮೇಷ್ಟ್ರಿಗೆ ಹೇಳಬೇಡ, ಬೇಜಾರು ಮಾಡ್ಕೋತಾನೆ ಅಂದಿದ್ದ.”

ಆಮೇಲೆ ಕೈಯನ್ನು ಚಿಂದಿಗೆ ಒರಸಿಕೊಂಡು, ಡಿಪ್‌ಸ್ಟಿಕ್ಕನ್ನು ಅದರ ಜಾಗಕ್ಕೆ ಸೇರಿಸಿ, ಊಟಕ್ಕೆ ಹೊತ್ತಾಯಿತೆಂದು ಮನೆಗೆ ಕರೆದುಕೊಂಡು ಹೋದ.